ಕಿವಿಯಕ್ಕ ಒತ್ತಿದ ಗುಂಡಿ

ಆ ಶ್ರವಣ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಮಾಲೀಕರಿಂದ ಹಿಡಿದು ಮೆಟ್ಟಿಲು ಒರೆಸುವವಳ ತನಕ ಎಲ್ಲರಿಗೂ ಅವಳು ಕಿವಿಯಕ್ಕ. ಔಷಧದಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಹತ್ತೊಂಬತ್ತು ವರ್ಷ ದುಡಿದಿದ್ದಳು. ಓದಿದ್ದು ಹತ್ತನೇ ತರಗತಿ, ಅಷ್ಟೇ. ಆದರೆ ಯಾರಾದರೂ ಕರವಸ್ತ್ರದ ಗಂಟು ಬಿಚ್ಚಿ, ಯಾವ ಕಂಪನಿಯದೋ ಯಾವ ಕಾಲದ್ದೋ ಗೊತ್ತಿಲ್ಲದ ಕಿವಿಯಂತ್ರವನ್ನು ಮೇಜಿನ ಮೇಲಿಟ್ಟರೆ ಸಾಕು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ, "ಇದು ಎಡಗಿವಿದು, ಎಂಟು ವರ್ಷ ಹಳೇದು, ಮೂರನೇ ಡ್ರಾಯರ್‌ನ ಕೇಬಲ್ ಆಗುತ್ತೆ" ಅನ್ನುತ್ತಿದ್ದಳು. ಆಮೇಲೆಯೇ ಡಾಕ್ಟರಮ್ಮ ಅದನ್ನು ಕಂಪ್ಯೂಟರಿಗೆ ಜೋಡಿಸಿ ಸದ್ದು ಹೊಂದಿಸಲು ಕೂರುತ್ತಿದ್ದುದು.

ಡಾಕ್ಟರಮ್ಮ ಬೇರೆ ಯಾರೂ ಅಲ್ಲ, ಕಿವಿಯಕ್ಕನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಮದುವೆಯ ಮಾತನ್ನೇ ಮರೆತು ಕಿವಿಯಕ್ಕ ಅವಳನ್ನು ಸಾಕಿದಳು, ಶ್ರವಣ ತಜ್ಞೆಯಾಗುವ ತನಕ ಓದಿಸಿದಳು, ಕೊನೆಗೆ ಮಾಲೀಕರ ಕೈಕಾಲು ಹಿಡಿದು ಇದೇ ಕೇಂದ್ರಕ್ಕೆ ಸೇರಿಸಿದಳು. ಮೊದಲ ದಿನವೇ ಹುಡುಗಿ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು: "ದೊಡ್ಡಮ್ಮ, ಇಲ್ಲಿ ನನ್ನ ಡಾಕ್ಟ್ರೇ ಅಂತಾನೇ ಕರಿ. ಜನರೆದುರಿಗೆ ಪುಟ್ಟಿ ಗಿಟ್ಟಿ ಅನ್ಬೇಡ." ಕಿವಿಯಕ್ಕನಿಗೆ ಅದೂ ಹೆಮ್ಮೆಯಾಗಿಯೇ ಕೇಳಿಸಿತು.

ಎರಡು ವರ್ಷದ ಮೇಲೆ ಡಾಕ್ಟರಮ್ಮ ಒಂದು ಟ್ಯಾಬ್ಲೆಟ್ ತರಿಸಿದಳು. ಅದರ ಕ್ಯಾಮೆರಾದ ಮುಂದೆ ಕಿವಿಯಂತ್ರ ಹಿಡಿದರೆ ಅದರ ಮಾದರಿ, ಎಡವೋ ಬಲವೋ, ತಂತಿಯ ತುದಿಯ ಪುಟ್ಟ ಸ್ಪೀಕರಿನ ಶಕ್ತಿಯೆಷ್ಟು, ಎಲ್ಲವೂ ಹಸಿರಕ್ಷರದಲ್ಲಿ ಮೂಡುತ್ತಿತ್ತು. 'ಸರಿ' ಎಂಬ ಗುಂಡಿ ಒತ್ತಿದರೆ ವಿವರವೆಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು. ಒಳ್ಳೆಯ ವಸ್ತುವೇ. ಸೋಮವಾರದ ನೂಕುನುಗ್ಗಲು ಅರ್ಧಕ್ಕಿಳಿಯಿತು ಎಂದು ಕಿವಿಯಕ್ಕನೂ ಒಪ್ಪಿದಳು.

ಡಾಕ್ಟರಮ್ಮನಿಗೆ ಅಷ್ಟು ಸಾಲಲಿಲ್ಲ. ಕಾದು ಕೂತವರ ಮುಂದೆ ಹತ್ತು ಯಂತ್ರಗಳನ್ನು ಸಾಲಾಗಿಟ್ಟು, "ನಮ್ಮ ಕಿವಿಯಕ್ಕಂಗೂ ಇದಕ್ಕೂ ಪಂದ್ಯ" ಎಂದು ಸಾರಿದಳು. ಏಳರಲ್ಲಿ ಟ್ಯಾಬ್ಲೆಟ್ಟೇ ಮೊದಲು ಹೇಳಿತು. ಜನ ಚಪ್ಪಾಳೆ ತಟ್ಟಿದರು. "ಇನ್ನು ನೀವು ಗುಗ್ಗೆ ತೆಗೆಯೋಕೇ ಸರಿ" ಎಂದು ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿವಿಯಕ್ಕನೂ ನಕ್ಕಳು. ಆಮೇಲೆ ಹಿಂದಿನ ಸಿಂಕಿನಲ್ಲಿ ಬಹಳ ಹೊತ್ತು ಮುಖ ತೊಳೆದಳು.

ಅದಾಗಿ ಎರಡು ದಿನಕ್ಕೆ ಪಿಯಾನೋಗಳಿಗೆ ಶ್ರುತಿ ಮಾಡುವವನೊಬ್ಬ ಬಂದ. ಅರವತ್ತರ ಆಸುಪಾಸು. ಬಲಗಿವಿ ಯಾವತ್ತೋ ಹೋಗಿತ್ತು, ಎಡಗಿವಿಯಲ್ಲಿ ಉಳಿದಿದ್ದರಲ್ಲೇ ಅವನ ಕಸುಬು ನಡೆಯುತ್ತಿತ್ತು. ತೀರಿಕೊಂಡ ಅಣ್ಣನ ಕಿವಿಯಂತ್ರವನ್ನು ತನಗೆ ಹೊಂದಿಸಿಕೊಡಿ ಎಂದು ತಂದಿದ್ದ. ಅವನನ್ನು ಒಳಕೋಣೆಯಲ್ಲಿ ಕೂರಿಸಿ, ಯಂತ್ರವನ್ನು ಹೊರಗೆ ತಂದು ಕ್ಯಾಮೆರಾಗೆ ಹಿಡಿದರು. ಟ್ಯಾಬ್ಲೆಟ್ 'ಸಾಧಾರಣ ಶಕ್ತಿ' ಎಂದಿತು.

ಕಿವಿಯಕ್ಕ ಸ್ಪೀಕರನ್ನು ಬೆರಳ ನಡುವೆ ಹೊರಳಿಸಿ ನೋಡಿದಳು. "ಡಾಕ್ಟ್ರೇ, ಇದು ಸಾಧಾರಣದ್ದಲ್ಲ, ಜೋರಿನದು. ತುದಿ ದಪ್ಪ ಇದೆ ನೋಡಿ. ಮೇಲಿನ ಅಕ್ಷರ ಅಳಿಸಿಹೋಗಿದೆ, ಅದಕ್ಕೇ ಇದಕ್ಕೆ ಗೊತ್ತಾಗ್ತಿಲ್ಲ."

"ಸೋತಿದ್ದು ಇನ್ನೂ ಹೊಟ್ಟೇಲಿ ಉರೀತಿದ್ಯಾ?" ಎಂದಳು ಡಾಕ್ಟರಮ್ಮ, ಹೊರಗೆ ಕಾದು ಕೂತ ಆರು ಜನರ ಮುಂದೆ. "ಸರಿ ಅಂತ ಒತ್ತು."

"ಬೇರೆ ಸ್ಪೀಕರ್ ಪಕ್ಕಕ್ಕಿಟ್ಟು ನೋಡಿದ್ರೆ ಎರಡೇ ನಿಮಿಷ..."

"ಒತ್ತು ಅಂದೆ."

ಒತ್ತಿದಳು. ಆ ಯಂತ್ರದ ಸ್ಪೀಕರ್ ಎಂಥದ್ದೆಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಹೇಳಿದ್ದನ್ನು ನಂಬಿ, ಅದು ಸಾಧಾರಣ ಸ್ಪೀಕರಿಗೆ ಬೇಕಾದಷ್ಟು ಸದ್ದನ್ನು ಜೋರಿನದಕ್ಕೆ ತುಂಬಿತು. ಕಿವಿಯಕ್ಕ ಅದನ್ನು ಕಿವಿಗೆ ಹಾಕಿದ ಕೂಡಲೇ ಶ್ರುತಿಯವನ ಮುಖ ಕಿವುಚಿಕೊಂಡಿತು.

"ತುಂಬಾ ಜೋರು ಡಾಕ್ಟ್ರೇ."

"ಇಷ್ಟು ವರ್ಷ ಸರಿಯಾಗಿ ಕೇಳದ ಕಿವಿ, ಹೊಸದರಲ್ಲಿ ಹಾಗೇನೇ. ಬೆಳಗಿಂದ ಸಂಜೆ ತನಕ ತೆಗೀಬೇಡಿ, ಅಭ್ಯಾಸ ಆಗುತ್ತೆ."

ವಾರಕ್ಕೆ ಮತ್ತೆ ಬಂದ, ತಲೆ ಸಿಡಿಯುತ್ತದೆ ಎಂದ. ಡಾಕ್ಟರಮ್ಮ ಪರದೆಯ ಮೇಲೆ ಸದ್ದನ್ನು ಒಂದೇ ಒಂದು ಗೆರೆ ಇಳಿಸಿ ಕಳಿಸಿದಳು. ಕಿವಿಯಕ್ಕ ಬಾಗಿಲಲ್ಲೇ ನಿಂತಿದ್ದಳು. ಮೆಟ್ಟಿಲಿಳಿಯುವವನ ತೋಳು ಹಿಡಿದು, ತೆಗೆದಿಡಿ ಎಂದು ಸನ್ನೆ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಕೆಡಲಿ, ಆಗ ಗೊತ್ತಾಗುತ್ತೆ ಇವಳಿಗೆ ಎಂದು ಅವಳ ಮನಸ್ಸು ಅಂದಿತು. ಅಂದದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು ಕೂಡ.

ಆರನೇ ವಾರ ಶ್ರುತಿಯವನ ಮಗಳು ಅವನ ಕೈ ಹಿಡಿದು ಕರೆತಂದಳು. ಎಡಗಿವಿಯಲ್ಲಿ ಬಿಟ್ಟೂಬಿಡದೆ ಸೀಟಿ, ಉಳಿದಿದ್ದರಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಸ್ಪೀಕರ್ ಜೋರಿನದೆಂದು ಬೇರೆ ಶ್ರವಣ ಕೇಂದ್ರದಲ್ಲಿ ಬರೆಸಿ ತಂದಿದ್ದಳು. ಮಾಲೀಕರು ಟ್ಯಾಬ್ಲೆಟ್ ತೆಗೆದು ನೋಡಿದರು. 'ಸರಿ' ಒತ್ತಿದವರ ಜಾಗದಲ್ಲಿ ಕಿವಿಯಕ್ಕನ ಹೆಸರಿತ್ತು.

"ನಾನು ಅವರನ್ನ ನಂಬಿದೆ" ಎಂದಳು ಡಾಕ್ಟರಮ್ಮ, ಪರದೆಯಿಂದ ಕಣ್ಣೆತ್ತದೆ. "ಹತ್ತೊಂಬತ್ತು ವರ್ಷದ ಅನುಭವ ಅಲ್ವಾ?"

ನಾಲ್ಕನೇ ವಯಸ್ಸಿನಿಂದ ಎತ್ತಿ ಆಡಿಸಿದ ಮಗು. "ಹೌದು, ನಾನೇ ಒತ್ತಿದ್ದು" ಎಂದಳು ಕಿವಿಯಕ್ಕ. ಮಧ್ಯಾಹ್ನದೊಳಗೆ ಡ್ರಾಯರ್‌ಗಳ ಬೀಗದ ಕೈ ಇಸಿದುಕೊಂಡು ಕಳಿಸಿಬಿಟ್ಟರು.

ಸಂಜೆ ಊಟಕ್ಕೆ ಕೂತಾಗ ಹುಡುಗಿ ಅಂದಳು: "ನಿಂಗೆ ಹೇಗೂ ಸರ್ಟಿಫಿಕೇಟಿಲ್ಲ ದೊಡ್ಡಮ್ಮ, ಕಳಕೊಳ್ಳೋಕೆ ಏನಿತ್ತು? ನಂದಾಗಿದ್ರೆ ಲೈಸೆನ್ಸೇ ಹೋಗ್ತಿತ್ತು." ಎರಡನೇ ಸಲ ಬಡಿಸಿಕೊಂಡು ಉಂಡಳು. ಮುಂದಿನ ತಿಂಗಳು ಕೇಂದ್ರಕ್ಕೆ ಹತ್ತಿರವೆಂದು ಬೇರೆ ಮನೆ ಮಾಡಿದಳು.

ಒಂದು ಬೆಳಿಗ್ಗೆ ಶ್ರುತಿಯವನು ವಿಳಾಸ ಹುಡುಕಿಕೊಂಡು ಕಿವಿಯಕ್ಕನ ಬಾಗಿಲಿಗೆ ಬಂದ. ತನ್ನ ದನಿ ತನಗೇ ಕೇಳದವನಂತೆ ಗಟ್ಟಿಯಾಗಿ ಮಾತಾಡಿದ.

"ಆವತ್ತು ನನ್ನ ಕಿವಿಗೆ ಹಾಕುವಾಗ ನೀವು ನನ್ನ ಮುಖ ನೋಡ್ಲಿಲ್ಲ. ನಿಮಗೆ ಗೊತ್ತಿತ್ತಾ?"

ಅವಳು ಗಡಬಡಿಸಿ ಹೇಳತೊಡಗಿದಳು. ಅವನು ಕೈಯೆತ್ತಿದ. "ನಂಗೆ ಕೇಳಿಸಲ್ಲ. ತಲೆ ಆಡ್ಸಿ, ಸಾಕು."

ಆಡಿಸಿದಳು.

"ಎರಡನೇ ಸಲ ಬಂದಾಗ್ಲೂ?"

ಮತ್ತೆ ಆಡಿಸಿದಳು.

ಅವನು ಚಪ್ಪಲಿಯತ್ತ ತಿರುಗಿದ. "ಆ ಡಾಕ್ಟ್ರು ಪಾಪ, ಗೊತ್ತಿಲ್ದೆ ಮಾಡಿದ್ರು. ಅವರನ್ನ ಹೇಗೋ ಬಿಟ್ಟಾಕ್ತೀನಿ. ನಿಮ್ಮನ್ನ ಆಗಲ್ಲ."

ಚಪ್ಪಲಿ ಮೆಟ್ಟಿ ಬೀದಿಗಿಳಿದ. ಕಿವಿಯಕ್ಕ ಹೊಸ್ತಿಲು ದಾಟಿ ಓಡಿ, ಆವತ್ತು ನಡೆದದ್ದನ್ನೆಲ್ಲ ಅವನ ಬೆನ್ನಿಗೆ ಕೂಗಿ ಹೇಳಿದಳು. ಅಕ್ಕಪಕ್ಕದ ಕಿಟಕಿಗಳು ತೆರೆದವು. ಬೀದಿಯವರೆಲ್ಲ ಕೇಳಿಸಿಕೊಂಡರು.