ಅರ್ಧ ಮೇಷ್ಟ್ರ ಅಳತೆ

ಡಬ್ಬದ ಮೇಲೆ ಬರೆದದ್ದನ್ನು ಅರ್ಧ ಮೇಷ್ಟ್ರು ಜನ್ಮದಲ್ಲಿ ನಂಬಿದವರಲ್ಲ. ಬೈಕಿಗೆ ಹಾಡಿನ ಸೆಟ್ಟು ಹಾಕಿಸಿಕೊಳ್ಳಲು ಯಾರೇ ಬರಲಿ, ಅವರ ಕೈಯಿಂದ ಹೊಸ ಆಂಪ್ಲಿಫೈಯರನ್ನು ಕಿತ್ತುಕೊಂಡು, ಮಗುಚಿ, ಹಿಂಬದಿಯ ಫ್ಯೂಸನ್ನು ಉಗುರಿನಿಂದ ಮೀಟಿ ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ಶುರು.

"ಮೇಲೆ ಏನು ಬರೆದಿದೆ?"

"ಸಾವಿರದ ಇನ್ನೂರು ವ್ಯಾಟ್, ಸಾರ್."

"ಫ್ಯೂಸ್ ಎಷ್ಟರದು? ಐದು. ಬ್ಯಾಟರಿ ಹನ್ನೆರಡು ವೋಲ್ಟು. ಹನ್ನೆರಡೈದ್ಲಿ ಅರವತ್ತು. ಒಳಗೆ ಹೋಗೋದೇ ಅರವತ್ತು, ಹೊರಗೆ ಸಾವಿರದ ಇನ್ನೂರು ಎಲ್ಲಿಂದ ಬರುತ್ತಪ್ಪಾ, ನಿಮ್ಮ ಮಾವ ಕೊಡ್ತಾರಾ? ಅದರಲ್ಲೂ ಅರ್ಧ ಬಿಸಿಯಾಗಿ ಹೋಗುತ್ತೆ. ಉಳಿದದ್ದೆಷ್ಟು? ನೀನೇ ಹೇಳು. ಜೋರಾಗಿ."

"ಮೂವತ್ತು."

ಅಂಗಡಿ ಮುಂದೆ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಜವಾದ ಅಂಕಿಯನ್ನು ಕೊಂಡವನ ಬಾಯಿಂದಲೇ ಹೇಳಿಸಬೇಕು, ಅದು ಮೇಷ್ಟ್ರ ಪದ್ಧತಿ. ಹೀಗೆ ಎಲ್ಲವನ್ನೂ ಅರ್ಧಕ್ಕಿಳಿಸಿ ಪಾಠ ಹೇಳುತ್ತಿದ್ದದ್ದಕ್ಕೇ ಅವರಿಗೆ ಆ ಹೆಸರು. ಲೆಕ್ಕ ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳುಗಟ್ಟಲೆ ಆಸೆಪಟ್ಟು ತಂದದ್ದನ್ನು ನಾಲ್ಕು ಜನರ ಎದುರು ಮೂರು ಕಾಸಿನದು ಮಾಡುವಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನೋಡಿದವರಿಗೆ ಗೊತ್ತು, ಆ ಮನುಷ್ಯನಿಗೆ ಲೆಕ್ಕಕ್ಕಿಂತ ಅದೇ ರುಚಿ.

ಹೆಂಡತಿ ಮಕ್ಕಳು ಅಂತ ಮೇಷ್ಟ್ರಿಗೆ ಯಾರೂ ಇರಲಿಲ್ಲ. ಇದ್ದವಳು ಒಬ್ಬಳು ತಂಗಿ. ಅವಳಿಗೆ ಒಂಬತ್ತು ತುಂಬುವುದರೊಳಗೆ ಅಪ್ಪ ಅಮ್ಮ ಇಬ್ಬರೂ ಹೋದರು. ಅವಳನ್ನು ಮೇಷ್ಟ್ರೇ ಅಂಗಡಿಯ ಬೆಂಚಿನ ಪಕ್ಕ ಕೂರಿಸಿಕೊಂಡು ಸಾಕಿದರು. ಬೆಸುಗೆ ಹಾಕುವುದನ್ನು, ಮೀಟರ್ ಓದುವುದನ್ನು ಕಲಿಸಿದರು. ಜ್ವರ ಬಂದಾಗ ಅಂಗಡಿ ಮುಚ್ಚಿ ತಲೆ ಒತ್ತಿದರು. ಇದನ್ನೂ ಹೇಳದಿದ್ದರೆ ನನ್ನ ನಾಲಿಗೆಯೇ ಬಿದ್ದುಹೋದೀತು. ಬೈಕಿನ ಸೀಟಿನ ಕೆಳಗೆ ಕೈ ತೂರಿಸಿ ಅವಳು ಹಾಕುತ್ತಿದ್ದ ಬೆಸುಗೆ ಎಷ್ಟು ಕುಲುಕಿದರೂ ಬಿಡುತ್ತಿರಲಿಲ್ಲ. ಅಂಗಡಿಗೆ ಹೆಸರು ಬಂದದ್ದು ಮೇಷ್ಟ್ರ ಬಾಯಿಂದ, ಉಳಿದದ್ದು ಅವಳ ಕೈಯಿಂದ.

ಅಂಥವಳು ರೇಡಿಯೋ ರಿಪೇರಿಯವನೊಬ್ಬನನ್ನು ಮೆಚ್ಚಿ ಮದುವೆಯಾದಳು. ಅವನು ಮೆತ್ತಗಿನ ಮನುಷ್ಯ, ಮಾತನಾಡಿದರೆ ಪಕ್ಕದಲ್ಲಿದ್ದವನಿಗೂ ಕೇಳಿಸದು. ಮೇಷ್ಟ್ರು ಮೊದಲ ದಿನವೇ ಅವನಿಗೆ 'ಎಂಟು ವ್ಯಾಟ್' ಅಂತ ಹೆಸರಿಟ್ಟರು. ಅವನು ನಕ್ಕು ಸುಮ್ಮನಾದ. ಭಾವ ಅಂದರೆ ಅವನಿಗೆ ಗುರುವಿನ ಸಮಾನ. ಅಂಗಡಿಯ ಹಿಂದಿನ ಕೋಣೆಯಲ್ಲೇ ಗಂಡಹೆಂಡಿರ ಸಂಸಾರ, ಮೂರು ವರ್ಷ ಹಾಗೇ ಕಳೆಯಿತು.

ಆ ಮೂರು ವರ್ಷದಲ್ಲಿ ಅವನು ಬೈಕಿಗೆಂದೇ ಒಂದು ಆಂಪ್ಲಿಫೈಯರನ್ನು ಕೈಯಾರೆ ಕಟ್ಟಿದ. ಸೋಪಿನ ಕಂಪನಿಯೊಂದಕ್ಕೆ ಊರೆಲ್ಲ ಜಾಹೀರಾತು ಕೂಗಿಕೊಂಡು ಹೋಗುವ ನಲವತ್ತು ಬೈಕುಗಳಿಗೆ ಸೆಟ್ಟು ಬೇಕಿತ್ತು. ಮ್ಯಾನೇಜರು ಅವನದನ್ನು ನೋಡಿ ಮೆಚ್ಚಿ, "ಮೇಷ್ಟ್ರು ಅಳೆದು ಹೂಂ ಅಂದ್ರೆ ಕೆಲಸ ನಿಮ್ಮದೇ" ಅಂದ. ಕೆಲಸ ಸಿಕ್ಕರೆ ಗಂಡಹೆಂಡತಿ ಮುಂದಿನ ಬೀದಿಯಲ್ಲಿ ತಮ್ಮದೇ ಅಂಗಡಿ ಹಾಕುವವರಿದ್ದರು. ಶಟರಿಗೆ ಯಾವ ಬಣ್ಣ ಅಂತಲೂ ತಂಗಿ ಯೋಚಿಸಿಟ್ಟಿದ್ದಳು. ಅದನ್ನು ಅಣ್ಣನ ಹತ್ತಿರವೇ ಹೇಳಿಕೊಂಡದ್ದು ಅವಳ ಪೆದ್ದುತನ.

ಮ್ಯಾನೇಜರು ಅಳತೆ ನೋಡಲು ಬರುವ ಹಿಂದಿನ ದಿನವೇ ಅವನು ಪೆಟ್ಟಿಗೆಯನ್ನು ಭಾವನ ಬೆಂಚಿನ ಮೇಲಿಟ್ಟು ಹೋಗಿದ್ದ. ಮೇಲೆ ಅರವತ್ತು ವ್ಯಾಟ್ ಅಂತ ಕುಂಚದಲ್ಲಿ ಬರೆದಿತ್ತು. ಬೆಳಿಗ್ಗೆ ಯಾರೂ ಬರುವ ಮೊದಲು ಮೇಷ್ಟ್ರು ಅಳೆದು ನೋಡಿದರು. ಅಳೆಯಲು ಅವರ ಬಳಿ ಒಂದು ಹಲಗೆ ಇತ್ತು. ಸ್ಪೀಕರಿನ ಬದಲು ದಪ್ಪ ತಂತಿಯ ಎರಡು ಸುರುಳಿ, ಒಂದೊಂದಕ್ಕೂ ಒಂದೊಂದು ಸ್ವಿಚ್ಚು. ಒಂದು ಸುರುಳಿ ಹಾಕಿದರೆ ಸರಿಯಾದ ಹೊರೆ, ಎರಡೂ ಹಾಕಿದರೆ ದುಪ್ಪಟ್ಟು. ಒಂದನ್ನು ಹಾಕಿ ಮೀಟರ್ ನೋಡಿದರು. ಅರವತ್ತೆರಡು.

ಬರೆದದ್ದಕ್ಕಿಂತ ಹೆಚ್ಚು ಕೊಡುವ ಪೆಟ್ಟಿಗೆಯನ್ನು ಅವರು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಮೂರು ಸಲ ಅಳೆದರು, ಮೂರು ಸಲವೂ ಅಷ್ಟೇ. ಮೈಯೆಲ್ಲ ಉರಿದುಹೋಯಿತು. ಎಂಟು ವ್ಯಾಟಿನವನು ಸುಳ್ಳು ಹೇಳಿರಲಿಲ್ಲ, ತಂಗಿ ಎದ್ದು ಹೋಗುವವಳಿದ್ದಳು. ಪೆಟ್ಟಿಗೆಯಲ್ಲಿದ್ದ ಹತ್ತರ ಕೆಂಪು ಫ್ಯೂಸನ್ನು ಮೇಷ್ಟ್ರು ಕಿತ್ತು, ಆ ಜಾಗಕ್ಕೆ ಮೂವತ್ತರ ಹಸಿರು ಫ್ಯೂಸನ್ನು ಒತ್ತಿದರು. ಹೊರೆ ಹೆಚ್ಚಾದರೆ ಮೊದಲು ಫ್ಯೂಸ್ ಹೋಗಿ ಪೆಟ್ಟಿಗೆ ಉಳಿಯಬೇಕು, ಅದಕ್ಕೇ ಅಲ್ಲವೇ ಅದು ಇರುವುದು. ಮೂವತ್ತರದು ಅಷ್ಟು ಸುಲಭಕ್ಕೆ ಹೋಗುವುದಲ್ಲ, ಈಗ ಪೆಟ್ಟಿಗೆ ಉಳಿಯುವ ಹಾಗಿರಲಿಲ್ಲ.

ಹತ್ತು ಗಂಟೆಗೆ ಮ್ಯಾನೇಜರು ಬಂದ. ಅಕ್ಕಪಕ್ಕದ ಮೆಕ್ಯಾನಿಕ್ಕುಗಳೂ ಸೇರಿದರು. ಮೇಷ್ಟ್ರು ಎರಡೂ ಸ್ವಿಚ್ಚು ಒತ್ತಿ ಕೈಕಟ್ಟಿ ನಿಂತರು. ಎರಡೇ ನಿಮಿಷ, ಪೆಟ್ಟಿಗೆಯ ಸಂದಿಯಿಂದ ಹೊಗೆ ಬಂತು, ಒಳಗೆ ಏನೋ ಚಟ್ ಅಂದಿತು, ಮೀಟರಿನ ಮುಳ್ಳು ಮಲಗಿತು.

"ಎಷ್ಟಪ್ಪಾ ಈಗ? ನೀನೇ ಹೇಳು," ಅಂದರು ಮೇಷ್ಟ್ರು.

ತಂಗಿಯ ಗಂಡ ಮುಳ್ಳನ್ನೇ ನೋಡುತ್ತಿದ್ದ.

"ಜೋರಾಗಿ ಹೇಳು. ಸಾಹೇಬರಿಗೆ ಕೇಳಿಸ್ಲಿ."

"ಸೊನ್ನೆ, ಭಾವ."

ಎಲ್ಲರೂ ನಕ್ಕರು. ಮ್ಯಾನೇಜರು ಕೂಡ ನಕ್ಕು, "ಬೀದಿ ಮಧ್ಯ ಹಿಂಗಾಗಿದ್ರೆ ನಮ್ಮ ಮಾನ ಹೋಗ್ತಿತ್ತು" ಅಂತ ನಲವತ್ತು ಬೈಕಿನ ಕೆಲಸವನ್ನು ಮೇಷ್ಟ್ರಿಗೇ ಒಪ್ಪಿಸಿ ಹೋದ. ಗಂಡ ತಲೆತಗ್ಗಿಸಿ ಒಳಗೆ ಹೋದ ಮೇಲೆ ತಂಗಿ ಬಂದು ಸುಟ್ಟ ಪೆಟ್ಟಿಗೆಯನ್ನು ಮಗುಚಿದಳು. ಗಂಡ ಹಾಕಿದ್ದ ಕೆಂಪು ಫ್ಯೂಸಿನ ಜಾಗದಲ್ಲಿ ಹಸಿರು ಕಂಡಿತು. ಹಲಗೆಯ ಮೇಲೆ ಎರಡೂ ಸ್ವಿಚ್ಚು ಇನ್ನೂ ಒತ್ತಿದಂತೆಯೇ ಇದ್ದವು. ಅವಳು ಫ್ಯೂಸನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡು ಅಣ್ಣನನ್ನು ನೋಡಿದಳು. ಅವಳು ಬಾಯಿಬಿಟ್ಟಿದ್ದರೆ ಮೇಷ್ಟ್ರ ಇಪ್ಪತ್ತು ವರ್ಷದ ಮಾತಿಗೆ ಬೆಲೆ ಉಳಿಯುತ್ತಿರಲಿಲ್ಲ.

"ಯಾರಿಗೂ ಹೇಳಲ್ಲ," ಅಂದಳು ತಂಗಿ. "ಅವರಿಗೆ ಮಾತ್ರ ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ ಅಣ್ಣ, ನಿನ್ನನ್ನ ಅಷ್ಟು ನಂಬಿದ್ದಾರೆ. ತಪ್ಪು ನಿಂದಲ್ಲ ಅಂತ ಒಂದೇ ಒಂದು ಮಾತು. ಕೆಲಸ ನೀನೇ ಇಟ್ಕೋ."

"ಹೇಳ್ತೀನಿ ಬಿಡಮ್ಮ," ಅಂದರು. ಆ ಗಳಿಗೆಯಲ್ಲಿ ನಿಜವಾಗಿಯೂ ಹೇಳುವ ಮನಸ್ಸಿತ್ತು ಅಂತ ಕಾಣುತ್ತದೆ.

ಮಾರನೆಯ ದಿನ ಅಂಗಡಿ ತೆರೆದ ಕೂಡಲೇ ತಂಗಿಯ ಗಂಡ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಕೊಂಡು ಬಂದ. ಕಣ್ಣು ಕೆಂಪಗಿದ್ದವು. ತಂಗಿ ಪಕ್ಕದಲ್ಲೇ ಒಂದು ಬೈಕಿಗೆ ತಂತಿ ಎಳೆಯುತ್ತಿದ್ದಳು.

"ಎಲ್ಲಾ ನೋಡ್ದೆ ಭಾವ, ತಪ್ಪೇ ಸಿಕ್ತಿಲ್ಲ. ನನ್ನ ತಲೆಗೆ ಹೊಳೀತಿಲ್ಲ. ನೀವು ಒಂದು ಸಲ ತೋರಿಸ್ತೀರಾ?"

ತಂಗಿಯ ಕೈ ನಿಂತಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಬಟ್ಟೆಯ ಮೇಲೆ ಬಗ್ಗಿ, ನಿಧಾನವಾಗಿ ನೋಡಿದರು. ಇವನ ಮುಂದೆ ತಾನು ಸಣ್ಣವನಾಗುವುದು ಅವರ ಕೈಯಲ್ಲಿ ಆಗಲಿಲ್ಲ. ಅವನು ಕೈಯಾರೆ ಸುತ್ತಿದ್ದ ಟ್ರಾನ್ಸ್‌ಫಾರ್ಮರಿನ ಮೇಲೆ ಬೆರಳಿಟ್ಟರು. ಇಡೀ ಪೆಟ್ಟಿಗೆಯಲ್ಲಿ ಅದಕ್ಕಿಂತ ಚೊಕ್ಕವಾದ ಕೆಲಸ ಇರಲಿಲ್ಲ.

"ಇದು," ಅಂದರು. "ಸುತ್ತೋದೇ ಬರಲ್ಲ ನಿಂಗೆ."

ತಂಗಿ ಬೆಸುಗೆಯ ಕಡ್ಡಿಯ ಸ್ವಿಚ್ಚು ಆರಿಸಿದಳು. ಕೈ ಒರೆಸಿಕೊಂಡು, ಒಳಗಿನ ಕೋಣೆಯಿಂದ ತನ್ನ ಚೀಲ ತಂದಳು.

"ಏಳ್ರಿ, ಹೋಗೋಣ. ಈ ಮನೆ ಬೇಡ ನಮಗೆ."

"ಎಲ್ಲಿಗೇ? ಸ್ವಲ್ಪ ಇರು ಮಾರಾಯ್ತಿ," ಅಂದ ಗಂಡ, ತಲೆ ಎತ್ತದೆ. "ಭಾವ ಹೇಳಿಕೊಡ್ತಾ ಇದ್ದಾರೆ."

ಅವಳು ಒಬ್ಬಳೇ ಮೆಟ್ಟಿಲಿಳಿದಳು. ಕರೆದರೆ ನಿಲ್ಲುತ್ತಿದ್ದಳೋ ಏನೋ, ಮೇಷ್ಟ್ರು ಕರೆಯಲಿಲ್ಲ. ಎದುರಿಗೆ ಅವನು ಆ ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಆಗಲೇ ಬಿಚ್ಚತೊಡಗಿದ್ದ. ಎಷ್ಟು ಸುತ್ತು ಹಾಕಬೇಕು ಅಂತ ವಿನಯದಿಂದ ಕೇಳಿದ, ಮೇಷ್ಟ್ರು ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದರು, ಅವನು ಅದನ್ನು ಚೀಟಿಯಲ್ಲಿ ಬರೆದುಕೊಂಡ.