ಮೇಡಂ ನಂಬಿದ್ದ ಪ್ರಮೇಯ

ಯೋಚನೆಗೆ ಬಿದ್ದರೆ ನಮ್ಮ ಮೇಡಂ ಅವರ ಎರಡೂ ಕೈಗಳು ಎದೆಯ ಮುಂದೆ ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ತಿರುಗಿಸತೊಡಗುತ್ತಿದ್ದವು. ಉದ್ದನೆಯ ಬೆರಳುಗಳು, ಬಲಗೈ ಹೆಬ್ಬೆರಳಿನ ತುದಿ ಸೀಮೆಸುಣ್ಣಕ್ಕೆ ಒಡೆದು ಬಿಳಿಚಿಕೊಂಡಿರುತ್ತಿತ್ತು. ಬಸ್ಸಿನಲ್ಲೂ ಹಾಗೆಯೇ. ಒಮ್ಮೆ ಕಂಡಕ್ಟರು ಪಕ್ಕದಲ್ಲಿದ್ದ ನನ್ನನ್ನು, ನಿಮ್ಮಮ್ಮನಿಗೆ ಹುಷಾರಿಲ್ಲವಾ ಎಂದು ಮೆಲ್ಲಗೆ ಕೇಳಿದ್ದರು. ಅಮ್ಮ ಅಲ್ಲ, ನನ್ನ ಪಿಎಚ್‌ಡಿ ಗೈಡ್ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಅವರ ಬಳಿ ಸೇರಿದೆ. ನನ್ನ ಮನೆ ಕೆಂಗೇರಿಯಲ್ಲಿ. ಮೇಡಂ ರಾಜಾಜಿನಗರದಲ್ಲಿ, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅಕ್ಕನ ಜೊತೆ ಇದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಶನಿವಾರದ ಪಾಠ ಅವರ ನಡುಮನೆಯಲ್ಲೇ. ಒಂದು ಗೋಡೆಗೆ ಅಕ್ಕನ ಹೊಲಿಗೆ ಮೆಷಿನ್ನು, ಎದುರಿನ ಗೋಡೆಗೆ ಮೇಡಂ ಅವರ ಕಪ್ಪು ಹಲಗೆ.

ಅವರ ವಿಷಯ ಬೀಜಗಣಿತದ ಸಮೀಕರಣಗಳಿಂದ ಹುಟ್ಟುವ ಆಕಾರಗಳು. ಹರಿಯದೆ, ಅಂಟಿಸದೆ ಎಷ್ಟು ಹಿಗ್ಗಿಸಿದರೂ ಬಾಗಿಸಿದರೂ ಆಕಾರದಲ್ಲಿ ಬದಲಾಗದೆ ಉಳಿಯುವುದು ಏನು ಎಂಬ ಹುಡುಕಾಟ. ಮೊದಲ ದಿನ ಅಕ್ಕ ಹೊಲಿದಿಟ್ಟ ರವಿಕೆಯೊಂದನ್ನು ಎತ್ತಿ, ಹುಕ್ಕು ಹಾಕಿದರೆ ಒಂದು ಆಕಾರ, ಬಿಚ್ಚಿದರೆ ಇನ್ನೊಂದು, ಯಾಕೆ ಹೇಳು ಎಂದರು. ನಾನು ತೋಳು, ಕುತ್ತಿಗೆಯ ತೂತುಗಳ ಲೆಕ್ಕದಲ್ಲಿದ್ದಾಗ ಅಕ್ಕ ಬಂದು, ಸಂಜೆ ಕೊಡಬೇಕಾದ ರವಿಕೆ, ಸುಕ್ಕು ಮಾಡಬೇಡಿ ಎಂದು ಕಸಿದುಕೊಂಡರು.

ಮೇಡಂಗೆ ಒಂದು ನಂಬಿಕೆಯಿತ್ತು. ಒಂದು ಬಗೆಯ ಎರಡು ಆಕಾರಗಳು ಹಿಗ್ಗಿಸಿ ಬಾಗಿಸಿದಾಗ ಒಂದೇ ಆಗುವುದಾದರೆ, ಸಮೀಕರಣಗಳನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಲೂ ಒಂದರಿಂದ ಇನ್ನೊಂದಕ್ಕೆ ಹೋಗಬಹುದು ಎಂದು. ಅದನ್ನು ಸಾಧಿಸಿ ತೋರಿಸಲು ಯೌವನವೆಲ್ಲ ಕಳೆದಿದ್ದರು. ಸುಲಭದ ಸಂದರ್ಭಗಳಲ್ಲಿ ಸಾಧಿಸಿಯೂ ಇದ್ದರು. ಹೊರದೇಶದಿಂದ ಕೆಲಸಕ್ಕೆ ಕರೆ ಬಂದಾಗ, ಅಲ್ಲಿ ಬೇರೆ ಸಮಸ್ಯೆ ಹಿಡಿಯಬೇಕಾಗುತ್ತದೆಂದು ಹೋಗಲಿಲ್ಲ. ಅಕ್ಕ ಕಾಶಿಗೆ ಹೋಗೋಣ ಎಂದಾಗಲೆಲ್ಲ ಒಂದೇ ಉತ್ತರ: ‘ಇದೊಂದು ಮುಗೀಲಿ.’

ನನ್ನ ಪಿಎಚ್‌ಡಿ ಮುಗಿದ ಮೇಲೂ ಶನಿವಾರಗಳು ತಪ್ಪಲಿಲ್ಲ. ಮೆಟ್ರೋಗಾಗಿ ರಸ್ತೆ ಅಗೆಯತೊಡಗಿದ್ದ ಕಾಲದಲ್ಲಿ, ವಿದೇಶದ ಯುವಕನೊಬ್ಬ ಇಂಟರ್ನೆಟ್ಟಿನಲ್ಲಿ ಪ್ರಬಂಧವೊಂದನ್ನು ಹಾಕಿದ. ಮೇಡಂ ನಂಬಿದ್ದು ನಿಜವಲ್ಲ ಎಂದು ತೋರಿಸುವ ಎರಡು ಆಕಾರಗಳನ್ನು ಅವನು ಕಟ್ಟಿದ್ದ. ನಾನು ಓಡಿಹೋಗುವಷ್ಟರಲ್ಲಿ ಅವರು ಓದಿ ಮುಗಿಸಿದ್ದರು. ಅವನ ವಾದದಲ್ಲಿ ಒಂದು ಕಡೆ ಕೊಂಡಿ ತಪ್ಪಿದೆ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ನಮ್ಮದು ಉಳಿಯಿತಲ್ಲ ಮೇಡಂ ಎಂದೆ.

‘ಕೂತ್ಕೋ. ಅವನದನ್ನ ಸರಿ ಮಾಡಕ್ಕಾಗತ್ತಾ ನೋಡೋಣ,’ ಎಂದರು.

ಕೆಲವು ದಿನ ಅದರಲ್ಲೇ ಮುಳುಗಿದೆವು. ಕೊಂಡಿ ಕೂಡಿಸಿದ್ದು ಮೇಡಂ ಹಿಂದೆ ತಮ್ಮ ಪ್ರಮೇಯಕ್ಕಾಗಿಯೇ ಕಂಡುಕೊಂಡಿದ್ದ ವಿಧಾನ. ಕೊನೆಯ ಸಾಲು ಬರೆದು, ಕೈ ಒರೆಸಿಕೊಂಡು, ‘ಸರಿಯಿದೆ ಕಣೇ ಅವನದು,’ ಎಂದರು. ಅಷ್ಟನ್ನೂ ಆ ಯುವಕನಿಗೆ ಕಳಿಸಿಕೊಟ್ಟರು. ನಮ್ಮ ವಿಭಾಗದ ಸೆಮಿನಾರಿನಲ್ಲಿ ಆ ಪ್ರಬಂಧವನ್ನು ನಾನೇ ವಿವರಿಸಬೇಕೆಂದು ಹಟ ಹಿಡಿದರು. ಮುಂದಿನ ಸಾಲಿನಲ್ಲಿ ಕೂತು, ನಾನು ತಡವರಿಸಿದಲ್ಲೆಲ್ಲ ಎದ್ದು ಬಂದು ತಿದ್ದಿದರು. ಅವರು ಏನು ಕಳೆದುಕೊಳ್ಳುತ್ತಿದ್ದಾರೆಂದು ಅಲ್ಲಿದ್ದವರಿಗೆ ಗೊತ್ತಿತ್ತು. ಮುಗಿದ ಮೇಲೆ ಯಾರೂ ಕಾಫಿಗೆ ನಿಲ್ಲಲಿಲ್ಲ.

ಆ ರಾತ್ರಿಯದ್ದನ್ನು ಅಕ್ಕ ಆಮೇಲೆ ಹೇಳಿದರು. ಊಟಕ್ಕೆ ಕೂತ ಮೇಡಂ ಅನ್ನ ಕಲಸಿ ಹಾಗೇ ಬಿಟ್ಟು, ‘ಅಕ್ಕ, ಅದು ನಿಜ ಅಲ್ವಂತೆ ಕಣೇ,’ ಎಂದರಂತೆ. ಯಾವುದು ಎಂದು ಅಕ್ಕ ಕೇಳಿದರೆ, ‘ನನ್ನದು,’ ಎಂದರಂತೆ. ಗಣಿತದ ಗಂಧವಿಲ್ಲದ ಅಕ್ಕ ಎಂಜಲು ಕೈಯಲ್ಲೇ ತಂಗಿಯನ್ನು ತಬ್ಬಿಕೊಂಡರಂತೆ.

ಮೇಡಂ ಹೊಸ ಸಮಸ್ಯೆ ಹಿಡಿಯಲಿಲ್ಲ. ಅಕ್ಕನನ್ನು ಕಾಶಿಗೆ ಕರೆದುಕೊಂಡು ಹೋಗಿಬಂದರು. ಬಂದಾಗಿನಿಂದ ಹೊಟ್ಟೆನೋವು. ಡಾಕ್ಟರು ನೋಡುವಷ್ಟರಲ್ಲಿ ಕ್ಯಾನ್ಸರ್ ಎಲ್ಲ ಕಡೆ ಹರಡಿತ್ತು. ಆಸ್ಪತ್ರೆಗೆ ಹೋದಾಗಲೆಲ್ಲ ನನ್ನ ಕೆಲಸ ಎಲ್ಲಿಗೆ ಬಂತೆಂದೇ ಕೇಳುತ್ತಿದ್ದರು. ಕೊನೆಯ ಸಲ, ಅವರ ಆ ವಿಧಾನದಿಂದಲೇ ಒಂದು ಹೊಸ ಪ್ರಮೇಯ ಸಾಧಿಸಿದೆ ಎಂದೆ. ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ಮಧ್ಯದಲ್ಲಿ ಏನೋ ಬೇಗ ಆಗೋಯ್ತು. ಇನ್ನೊಂದ್ಸಲ ನೋಡು,’ ಎಂದರು.

ಮನೆಗೆ ಹೋಗಿ ನೋಡಿದೆ. ತಪ್ಪಿತ್ತು. ತಿದ್ದಬಹುದಾದ ತಪ್ಪು. ತಿದ್ದಿಕೊಂಡು, ಮಾರನೆಯ ಬೆಳಿಗ್ಗೆ ಕೆಂಗೇರಿಯಿಂದ ಬಸ್ಸು ಹತ್ತಿದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಕ್ಕ ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಒಬ್ಬರೇ ಕೂತಿದ್ದರು.

‘ಹೋಗ್ಬಿಟ್ಲು ಕಣಮ್ಮ,’ ಎಂದರು.

ಅವರ ಪಕ್ಕದಲ್ಲಿ ಕೂತೆ. ಅಕ್ಕ ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ, ‘ನೀನೇನೋ ಅವಳಿಗೆ ಹೇಳಕ್ಕೆ ಬಂದಿದ್ದೆ ಅಲ್ವಾ? ನಂಗೆ ಹೇಳು,’ ಎಂದರು.

ಹೇಳಿದೆ. ಎಲ್ಲಿ ತಪ್ಪಿದ್ದೆ, ಹೇಗೆ ಸರಿಯಾಯಿತು, ಎಲ್ಲವನ್ನೂ. ಅಕ್ಕ ನನ್ನ ಕೈ ಹಿಡಿದುಕೊಂಡು ಕೊನೆಯವರೆಗೂ ಕೇಳಿಸಿಕೊಂಡರು.