ಖಾಲಿ ಡಬ್ಬಿ ಕೇಳಿಕೊಂಡು ಮಲ್ಲೇಶ್ವರಕ್ಕೆ

ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ಅವಲಕ್ಕಿಗೆ ಒಗ್ಗರಣೆ ಕೊಟ್ಟೆ, ನೆನೆಹಾಕಿದ್ದ ಬಟ್ಟೆ ಹಿಂಡಿ ಹರವಿದೆ, ಗ್ಯಾಸ್ ಆರಿಸಿದ್ದೇನಾ ಅಂತ ಹಿಂತಿರುಗಿ ನೋಡಿದೆ. ಆಮೇಲೆ ಚಾಮರಾಜಪೇಟೆಯ ನಮ್ಮ ಕಂಪನಿಯಿಂದ ಲಲಿತಾಳ ಜೊತೆ ಹೊರಟೆ.

ನಮ್ಮದು ಹುಳಿಪುಡಿ, ಚಟ್ನಿಪುಡಿ ಮಾಡುವ ಕಂಪನಿ. ಅಲ್ಲಿ ಫೋನ್ ನೋಡಿಕೊಳ್ಳುವುದು ನನ್ನ ಕೆಲಸ. ಕಸ ಹುಟ್ಟಿಸುವ ವ್ಯಾಪಾರ ಬೇಡ ಎಂದು ಹೋದ ವರ್ಷ ಮಾಲೀಕರು ತೀರ್ಮಾನಿಸಿದರು. ಆಫೀಸಿನಲ್ಲಿ ಹಗಲು ದೀಪವಿಲ್ಲ, ಬೇಳೆ ತೊಳೆದ ನೀರು ಗಿಡಗಳಿಗೆ, ಗೋಡೌನಿಗೆ ಕರೆಂಟ್ ಆಟೋ. ಪುಡಿ ಮಾರುವುದು ಸ್ಟೀಲ್ ಡಬ್ಬಿಯಲ್ಲಿ. ಮುಗಿದ ಮೇಲೆ ಗಿರಾಕಿಗಳು ಡಬ್ಬಿಯನ್ನು ನಮ್ಮ ಅಂಗಡಿಗಳಿಗೆ ಮರಳಿಸಬೇಕು. ಅವನ್ನು ತೊಳೆಯುವವಳು ಲಲಿತಾ. ಹೋದ ಡಬ್ಬಿಗಳು ಮಾತ್ರ ಬರುತ್ತಿರಲಿಲ್ಲ.

"ಈ ವಾರ ಬರದಿದ್ರೆ ಮತ್ತೆ ಪ್ಲಾಸ್ಟಿಕ್ ಕವರ್ರೇ ಗತಿ. ತೊಳೆಯೋ ಕೋಣೆ ಮುಚ್ಚಬೇಕಾಗತ್ತೆ" ಎಂದಿದ್ದರು ಮಾಲೀಕರು. ಕೋಣೆ ಮುಚ್ಚಿದರೆ ಲಲಿತಾಳಿಗೆ ಕೆಲಸವಿಲ್ಲ.

ಬಸವನಗುಡಿಗೆ ಬಸ್ಸು, ಹೆಂಗಸರಿಗೆ ಉಚಿತ, ಇಬ್ಬರಿಗೂ ಸೊನ್ನೆ ಟಿಕೆಟ್. ಮೋಡ ಕವಿದಿತ್ತು. ಹೊಂಗೆ ಮರಗಳ ಕೆಳಗೆ ನಡೆದರೆ ನಿದ್ದೆಯಲ್ಲೇ ನಡೆದಂತಿತ್ತು. ಯಾರದೋ ಮನೆಯ ವೀಣೆಪಾಠ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ನಾವು ಬಾಗಿಲು ತಟ್ಟಿದ ಮನೆಗಳಲ್ಲೆಲ್ಲ ಡಬ್ಬಿ ಫಳಫಳ ಹೊಳೆಯುತ್ತ ಕೂತಿತ್ತು. "ಕೊಡ್ತೀವಿ ಕಣ್ರೀ, ಇವತ್ತು ಬೇಡ" ಅನ್ನುವರು. ಯಾಕೆ ಅಂದರೆ ನಗುವರು.

ಅಲ್ಲಿಂದ ಮೆಟ್ರೋ. ರೈಲು ಪೇಟೆಯ ಅಡಿಗೆ ಇಳಿದು, ಕತ್ತಲಲ್ಲಿ ತೇಲಿ, ಮಲ್ಲೇಶ್ವರದ ಹತ್ತಿರ ಮತ್ತೆ ಆಕಾಶಕ್ಕೆ ಎದ್ದಿತು.

ಮಲ್ಲೇಶ್ವರದಲ್ಲಿ ನಮ್ಮ ಹಳೇ ಗಿರಾಕಿ ಅಜ್ಜಿಯೊಬ್ಬರು ಬಾಗಿಲು ತೆಗೆದರು. ಡಬ್ಬಿ ಕೇಳಿದೆವು.

"ಖಾಲಿ ಡಬ್ಬಿ ಕೊಡೋದಾ? ಬಿಡ್ತು ಅನ್ನಮ್ಮ! ಕೋಡುಬಳೆ ಮಾಡಿ ತುಂಬ್ಸೋಣ ಅಂತಿದ್ದೆ. ಮಂಡಿನೋವು, ಆಗ್ಲಿಲ್ಲ."

"ಅದು ಕಂಪನಿ ಡಬ್ಬಿ ಅಜ್ಜಿ, ನೆಂಟರದಲ್ಲ" ಎಂದೆ.

"ಯಾಕೆ, ಕಂಪನೀಲಿ ಮನುಷ್ಯರಿಲ್ವಾ?"

ಪಕ್ಕದ ಮನೆಯ ಬಟ್ಟಲೊಂದು ನಮ್ಮ ಅಡುಗೆಮನೆಯಲ್ಲೂ ಇದೇ ಕಾರಣಕ್ಕೆ ಕಾಯುತ್ತಿದೆ. ಆಫೀಸಿಗೆ ಹೋಗುವಾಗ ಈ ತಿಳಿವಳಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ, ಅಷ್ಟೆ.

"ಒಂದು ಚಮಚ ಸಕ್ಕರೆ ಹಾಕಿ ಕೊಟ್ರೆ ನಡಿಯಲ್ವಾ?" ಲಲಿತಾ ಕೇಳಿದಳು.

"ನಡಿಯತ್ತೆ. ಆದ್ರೆ ನನಗೆ ಶುಗರ್ರು, ಮನೇಲಿ ಸಕ್ಕರೆನೇ ತರಲ್ವಲ್ಲ!"

ಲಲಿತಾ ಸೆರಗು ಸಿಕ್ಕಿಸಿ ಹಿಟ್ಟು ಕಲಸಲು ಕೂತಳು. ಅಜ್ಜಿ "ಇನ್ನೂ ಸಣ್ಣಗೆ ಹೊಸಿ, ಅದೇನು ಬಳೆನಾ, ಚಕ್ರನಾ?" ಎಂದು ಛೇಡಿಸಿದರು. ಬಾಣಲೆಯ ಹೊಗೆ ಕಿಟಕಿಯ ಬೆಳಕಿನಲ್ಲಿ ಮೆಲ್ಲಗೆ ಮೇಲೇರುತ್ತಿತ್ತು. ನಮಗೆ ಇನ್ನೆಲ್ಲಿಗೂ ಹೋಗಬೇಕಾಗಿಲ್ಲವೇನೋ ಅನ್ನಿಸಿತು.

ಒಲೆ ಆರಿದ ಮೇಲೆ ಲಲಿತಾ ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದಳು. "ಸಾರ್, ಬರಿದು ಕೊಡೋಕೆ ಆಗದೆ ಇಟ್ಕೊಂಡಿದಾರೆ. ನಮ್ಮ ಅಂಗಡಿಗಳಲ್ಲಿ ಒಂದೊಂದು ಬಟ್ಟಲು ಸಕ್ಕರೆ ಇಡೋಣ. ಡಬ್ಬಿ ತಂದೋರು ಅದ್ರಿಂದ್ಲೇ ಒಂದು ಚಮಚ ಹಾಕಿ ಕೊಡ್ಲಿ."

ಆ ಕಡೆ ಮಾಲೀಕರು ನಕ್ಕರು. "ನಮ್ಮಮ್ಮನೂ ಹೀಗೇ ಕಣಮ್ಮ. ಸರಿ, ಇಡೋಣ. ಕೋಣೆ ಮುಚ್ಚಲ್ಲ, ನೀನು ಸೋಮವಾರ ಎಂದಿನ ಹಾಗೆ ಕೆಲ್ಸಕ್ಕೆ ಬಾ."

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅಜ್ಜಿಯ ಕೋಡುಬಳೆ ಇನ್ನೂ ಬಿಸಿಯಿತ್ತು. ಖಾರ ಕೊಂಚ ಮುಂದು. ನಾನು ಎರಡನೆಯದನ್ನು ಮುರಿಯುವಷ್ಟರಲ್ಲಿ ಲಲಿತಾ ಡಬ್ಬಿ ತಬ್ಬಿಕೊಂಡೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.